ಗುಳೆ ಹೋದವರ ಮೇಲೆ ಗೂಬೆ

"ಮುಂಬೈಕ್ಕ ದುಡ್ಯಾಕ ಹೋದಾಂವ ಜಡ್ಡು ಹಚ್ಕೊಂಡು ಬಂದ." ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಯಾವ ಊರಿನ ಕಟ್ಟೆಯ ಮೇಲಾದರೂ ಎಚ್‌ಐವಿಯ ಮಾತು ತೆಗೆದು ನೋಡಿ, ಸ್ವಲ್ಪ ಹೊತ್ತಿಗೆ ಈ ವಾಕ್ಯ ಬಂದೇ ಬರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಅದೇ ಮಾತು ತುಸು ನಯವಾಗಿ ಬರುತ್ತದೆ: "ಬಿಹಾರ, ಬಂಗಾಳದ ಹುಡುಗರು ಹೆಂಡತಿ ಮಕ್ಕಳನ್ನ ಬಿಟ್ಟು ಶೆಡ್ಡಲ್ಲಿರ್ತಾರೆ ಸಾರ್, ಏನೇನು ಕಾಯಿಲೆ ಇರುತ್ತೋ ಏನೋ, ಒಂದು ಬ್ಲಡ್ ಟೆಸ್ಟ್ ಮಾಡಿಸಿಬಿಟ್ರೆ ಒಳ್ಳೇದು." ಕಾಫಿ ಸೀಮೆಯಲ್ಲಿ ಬಿಹಾರದ ಜಾಗಕ್ಕೆ ಅಸ್ಸಾಂ ಬರುತ್ತದೆ, ಅಷ್ಟೇ ವ್ಯತ್ಯಾಸ. ಗೋವಾಕ್ಕೆ ಹೋದರೆ ನಾವೇ ಹೊರಗಿನವರು. ಅಲ್ಲಿ 'ಘಾಟಿ' ಎಂದು ಹೀಗಳೆಸಿಕೊಳ್ಳುವವರು ಘಟ್ಟ ಇಳಿದು ಹೋದ ಕನ್ನಡದ ಕೂಲಿಗಳು. ಇನ್ನು ಆರೋಗ್ಯ ಇಲಾಖೆಯ ಕಡತದಲ್ಲಿ ಇದೇ ನಂಬಿಕೆಗೆ ವಿದ್ಯಾವಂತ ಹೆಸರೊಂದಿದೆ. ವಲಸೆ ಕಾರ್ಮಿಕರು ಮತ್ತು ಲಾರಿ ಚಾಲಕರು ಅಲ್ಲಿ 'ಸೇತುವೆ ಸಮುದಾಯ'. ಸೋಂಕು ಹೆಚ್ಚಿರುವ ಕಡೆಯಿಂದ ಇಲ್ಲದ ಕಡೆಗೆ ದಾಟಿ ಬರುವುದು ಇವರ ಮೂಲಕ ಎಂದರ್ಥ.

ಕಟ್ಟೆಯ ಮಾತು, ಸಂಘದ ಮಾತು, ಕಡತದ ಮಾತು ಮೂರರದ್ದೂ ಒಂದೇ ತರ್ಕ. ರೋಗ ಇರುವುದು ಮನುಷ್ಯನೊಳಗೆ, ಮನುಷ್ಯ ಓಡಾಡಿದಲ್ಲೆಲ್ಲ ಅದೂ ಓಡಾಡುತ್ತದೆ, ಆದ್ದರಿಂದ ಓಡಾಡುವವನನ್ನು ಹಿಡಿದು ನಿಲ್ಲಿಸಿದರೆ ರೋಗ ನಿಂತಂತೆ. ಕೇಳಲು ಸರಿಯೆನಿಸುತ್ತದೆ. ಈ ತರ್ಕ ತಪ್ಪು, ಮತ್ತು ಎಚ್‌ಐವಿ ತಡೆಯುವ ಕೆಲಸಕ್ಕೆ ಇವತ್ತು ಇದರಷ್ಟು ದೊಡ್ಡ ಅಡ್ಡಗಾಲು ಇನ್ನೊಂದಿಲ್ಲ ಎಂಬುದು ನನ್ನ ವಾದ.

ಮೊದಲು ಅಂಕಿ ನೋಡೋಣ, ಏಕೆಂದರೆ ಎದುರು ವಾದದವರು ಸದಾ ಅಂಕಿಯ ಹೆಸರಲ್ಲೇ ಮಾತಾಡುತ್ತಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೊ, 2016-17ರಲ್ಲಿ ನಡೆಸಿದ ಕಣ್ಗಾವಲು ಸಮೀಕ್ಷೆಯಲ್ಲಿ ಒಂಟಿಯಾಗಿ ವಲಸೆ ಹೋಗುವ ಗಂಡಸರಲ್ಲಿ ಎಚ್‌ಐವಿ ಪ್ರಮಾಣ ಶೇ 0.51 ಇತ್ತು. ದೂರದ ಲಾರಿ ಚಾಲಕರಲ್ಲಿ ಶೇ 0.86. ದೇಶದ ಎಲ್ಲ ವಯಸ್ಕರ ಸರಾಸರಿ ಆಗ ಶೇ 0.22ರಷ್ಟಿತ್ತು. "ನೋಡಿದಿರಾ, ಎರಡು ಪಟ್ಟಿಗಿಂತ ಹೆಚ್ಚು" ಎನ್ನುತ್ತಾರೆ. ಹೌದು, ಹೆಚ್ಚು. ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ 2017ರ ಅಂದಾಜಿನಲ್ಲೇ ಕರ್ನಾಟಕದ ಸಾಲಿಗೂ ಒಮ್ಮೆ ಕಣ್ಣು ಹಾಯಿಸಿ: ಇಲ್ಲಿನ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ 0.47. ಊರು ಬಿಟ್ಟು ಕದಲದ ಅಂಗಡಿಯವರು, ಮೇಷ್ಟ್ರು, ಗೃಹಿಣಿಯರು, ಗುಮಾಸ್ತರು ಎಲ್ಲರೂ ಸೇರಿದ ಸರಾಸರಿ ಇದು. ಇಡೀ ದೇಶದ ವಲಸಿಗರ ಲೆಕ್ಕವನ್ನು ಒಂದು ರಾಜ್ಯದ ಲೆಕ್ಕದ ಪಕ್ಕ ಇಡುವುದು ಶಾಸ್ತ್ರಶುದ್ಧ ಹೋಲಿಕೆಯಲ್ಲ, ಗೊತ್ತಿದೆ. ಆದರೂ ಆ ಎರಡು ಅಂಕಿಗಳು ಅಷ್ಟು ಹತ್ತಿರ ಕೂತಿರುವಾಗ ಒಬ್ಬನನ್ನು 'ರೋಗ ತರುವವ' ಎಂದೂ ಇನ್ನೊಬ್ಬನನ್ನು 'ರೋಗಕ್ಕೆ ತುತ್ತಾಗುವವ' ಎಂದೂ ಕರೆಯಲು ಬೇಕಾದ ಧೈರ್ಯ ಎಲ್ಲಿಂದ ಬರುತ್ತದೆ?

ಇನ್ನು ಬಿಹಾರ, ಒಡಿಶಾ, ಅಸ್ಸಾಂ, ಪಶ್ಚಿಮ ಬಂಗಾಳ. ಈ ನಾಲ್ಕೂ ರಾಜ್ಯಗಳ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ರಾಷ್ಟ್ರೀಯ ಸರಾಸರಿಗಿಂತ ಕಡಿಮೆ. ಕರ್ನಾಟಕದ್ದು ಆ ಸರಾಸರಿಯ ಎರಡು ಪಟ್ಟು. ಯಶವಂತಪುರದ ಪ್ಲಾಟ್‌ಫಾರ್ಮಿನಲ್ಲಿ ಚೀಲ ಹೆಗಲಿಗೇರಿಸಿ ಇಳಿಯುವ ಬಿಹಾರಿ ಹುಡುಗ ಸೋಂಕು ಕಡಿಮೆಯಿರುವ ಸೀಮೆಯಿಂದ ಹೆಚ್ಚಿರುವ ಸೀಮೆಗೆ ಬರುತ್ತಿದ್ದಾನೆ. ಸಂಘದ ಕಾರ್ಯದರ್ಶಿಗಳ ತರ್ಕವನ್ನೇ ಹಿಡಿದು ಹೊರಟರೆ, ಕೆಲಸಕ್ಕೆ ಸೇರುವ ಮುಂಚೆ ರಕ್ತ ಪರೀಕ್ಷೆಯ ಚೀಟಿ ಕೇಳಬೇಕಾದವನು ಅವನು; ತೋರಿಸಬೇಕಾದವರು ನಾವು.

ಈಗ ಕಟ್ಟೆಯ ಮಾತಿಗೆ ಬರುತ್ತೇನೆ, ಏಕೆಂದರೆ ಅದರ ಬೇರು ಹೆಚ್ಚು ಆಳದ್ದು. ಎಚ್‌ಐವಿ 'ಮುಂಬೈ ಜಡ್ಡು' ಎಂದು ಬಾಗಲಕೋಟೆ ನಂಬಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಭಾರತ-ಕೆನಡಾ ಸಹಯೋಗದ ಯೋಜನೆಯೊಂದು ಆ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಮಾಡಿತ್ತು. ಆಗ ಸಾಮಾನ್ಯ ಜನರ ರಕ್ತ ಪರೀಕ್ಷಿಸಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 3ರ ಆಸುಪಾಸು ಸೋಂಕು ಕಂಡಿತು. ದೇಶದಲ್ಲೇ ಗಾಬರಿ ಹುಟ್ಟಿಸುವಂಥ ಪ್ರಮಾಣ. ಹಳ್ಳಿಯಿಂದ ಹಳ್ಳಿಗೆ ಅದು ಬಹಳ ವ್ಯತ್ಯಾಸವಾಗುತ್ತಿತ್ತು. ಆ ಜಿಲ್ಲೆಯಲ್ಲಿ ಲೈಂಗಿಕ ವೃತ್ತಿ ನಡೆಯುತ್ತಿದ್ದುದು ಬಹುಪಾಲು ಹಳ್ಳಿಗಳಲ್ಲೇ, ಮನೆಗಳಲ್ಲೇ, ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಬಾಗಿಲಲ್ಲೇ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ರಾಜ್ಯದ ಕಾನೂನು 1982ರದು. ಮುಂಬೈ ಪ್ರಾಂತ್ಯದಲ್ಲಿದ್ದಾಗಿನ ಕಾನೂನು 1934ರದು. ಕಾನೂನು ಎರಡೆರಡು ಬಂದರೂ ಬಾಗಿಲಿಗೆ ಬರುವವರು ನಿಲ್ಲಲಿಲ್ಲ. ಬರುತ್ತಿದ್ದವರು ಯಾರು? ಮುಂಬೈಯವರಲ್ಲ. ಅದೇ ಊರಿನ, ಪಕ್ಕದೂರಿನ ಹೊಲ ಮನೆ ಇದ್ದ ಗಂಡಸರು. ಅವಳನ್ನು 'ಇಟ್ಕೊಂಡಾಂವ' ಎಂದು ಊರೇ ಹೆಸರು ಹಿಡಿದು ಹೇಳಬಲ್ಲವರು. ಇವರಲ್ಲಿ ಎಷ್ಟೋ ಜನ ಒಂದು ದಿನವೂ ಗುಳೆ ಹೋದವರಲ್ಲ, ಹೋಗುವ ಅಗತ್ಯವೇ ಇಲ್ಲದವರು.

ಅದೇ ಹೆಣ್ಣುಮಕ್ಕಳಲ್ಲಿ ಹಲವರು ಸಾಂಗ್ಲಿಯ ಗೋಕುಲನಗರಕ್ಕೆ, ಮೀರಜಿಗೆ, ಪುಣೆಯ ಬುಧವಾರ ಪೇಟೆಗೆ, ಮುಂಬೈಯ ಕಾಮಾಟಿಪುರಕ್ಕೆ ಹೋದರು. ಹಬ್ಬಕ್ಕೆ, ಜಾತ್ರೆಗೆ ವಾಪಸು ಬಂದರು. ಸಾಂಗ್ಲಿಯ ಗಲ್ಲಿಗಳಲ್ಲಿ ಇವತ್ತಿಗೂ ಕನ್ನಡ ಕೇಳುತ್ತದೆ. ಅಲ್ಲಿನ ಸ್ಥಳೀಯರನ್ನು ಕೇಳಿದರೆ ಜಡ್ಡು ತಂದವರು ಕರ್ನಾಟಕದವರು ಎನ್ನುತ್ತಾರೆ. ಇಲ್ಲಿನವರು ಮುಂಬೈ ಎನ್ನುತ್ತಾರೆ. ಒಂದೇ ಬಸ್ಸಿನ ಎರಡೂ ತುದಿಯವರು ಎದುರು ತುದಿಗೆ ಬೆರಳು ತೋರಿಸುತ್ತಿದ್ದಾರೆ. ಗುಳೆ ಹೋದ ಬಡವನ ಮೇಲೆ ಗೂಬೆ ಕೂರಿಸಿದರೆ ಊರಲ್ಲೇ ಕುಳಿತು ಮಾಡಿದ್ದಕ್ಕೆ ಲೆಕ್ಕ ಕೊಡಬೇಕಾಗಿಲ್ಲವಲ್ಲ. ಬಾಗಲಕೋಟೆಯ ಗೌಡಿಕೆಗೆ ಈ ನಂಬಿಕೆಯಿಂದಾದ ಅನುಕೂಲವನ್ನು ಯಾರೂ ಸಮೀಕ್ಷೆ ಮಾಡಿಲ್ಲ.

ಹೊರಗಿನವರತ್ತ ಬೆರಳು ತೋರಿಸುವ ಚಾಳಿ ಹಳ್ಳಿಯವರದಷ್ಟೇ ಅಲ್ಲ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಭಾರತದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆ ಹಚ್ಚಿದ ಮೇಲೂ ಸರ್ಕಾರಕ್ಕೆ ಇದು ಪರದೇಶದ ಪಿಡುಗೇ ಆಗಿತ್ತು. ವಿದೇಶಿ ವಿದ್ಯಾರ್ಥಿಗಳಿಗೆ, ಅದರಲ್ಲೂ ಆಫ್ರಿಕದವರಿಗೆ, ಕಡ್ಡಾಯ ಪರೀಕ್ಷೆ ಬಂತು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಿನ ಮುಖ್ಯಸ್ಥರು ವಿದೇಶಿಯರೊಡನೆ ಲೈಂಗಿಕ ಸಂಪರ್ಕವನ್ನೇ ಕಾನೂನು ತಂದು ನಿಷೇಧಿಸಬೇಕೆಂದು ಸಲಹೆ ಕೊಟ್ಟರು. ನಗು ಬರುತ್ತದೆ, ಆದರೆ ಆಡಿದವರು ವಿಜ್ಞಾನಿ. ಗೋವಾ ಸರ್ಕಾರ ಸಾರ್ವಜನಿಕ ಆರೋಗ್ಯ ಕಾಯ್ದೆಗೆ ತಿದ್ದುಪಡಿ ತಂದು, ಸೋಂಕಿತರನ್ನು ಬೇರೆ ಇಡುವ ಅಧಿಕಾರ ಪಡೆಯಿತು. 1989ರ ಫೆಬ್ರವರಿಯಲ್ಲಿ ಡೊಮಿನಿಕ್ ಡಿಸೋಜಾ ಎಂಬ ರಕ್ತದಾನಿ ಯುವಕನನ್ನು ಪೊಲೀಸರು ಕರೆದೊಯ್ದು ಹಳೆಯ ಕ್ಷಯರೋಗ ಆಸ್ಪತ್ರೆಯಲ್ಲಿ 64 ದಿನ ಕೂಡಿಹಾಕಿದರು. ಅವರ ತಾಯಿ ಕೋರ್ಟಿಗೆ ಹೋದರು. ಹೈಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಡೊಮಿನಿಕ್ ಹೊರಗಿನವರಲ್ಲ, ಗೋವಾದವರೇ. ಅಮೆರಿಕದಂಥ ಅಮೆರಿಕ 1987ರಿಂದ 2010ರ ತನಕ ಸೋಂಕಿತ ವಿದೇಶಿಯರಿಗೆ ಗಡಿ ಮುಚ್ಚಿಟ್ಟಿತ್ತು. ಗಡಿಯೊಳಗೆ ಮಾತ್ರ ಸೋಂಕು ತನ್ನ ಪಾಡಿಗೆ ತಾನು ಹರಡುತ್ತಲೇ ಇತ್ತು.

ಗೋವಾದಲ್ಲೇ ಇನ್ನೊಂದು ಪ್ರಕರಣ ನಡೆಯಿತು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಕನ್ನಡಿಗರಿಗೆ ಇದು ಗೊತ್ತಿರಬೇಕಿತ್ತು, ಬಹಳ ಜನಕ್ಕೆ ಗೊತ್ತಿಲ್ಲ. ವಾಸ್ಕೋದ ಮುರ್ಮುಗೋವಾ ಬಂದರಿನ ಪಕ್ಕದ ಬೈನಾ ಕಡಲ ತೀರ. ಅಲ್ಲಿ ಲೈಂಗಿಕ ವೃತ್ತಿಯ ಸಾಲು ಸಾಲು ಪುಟ್ಟ ಖೋಲಿಗಳಿದ್ದವು. ಹೆಂಗಸರಲ್ಲಿ ಬಹಳ ಮಂದಿ ಕರ್ನಾಟಕ, ಆಂಧ್ರದವರು. ಸುತ್ತಮುತ್ತ ಬಂದರಿನ, ಕಟ್ಟಡದ ಕೂಲಿಗೆ ಬಂದ ಕನ್ನಡಿಗರ ಜೋಪಡಿಗಳು. ಸಂಸ್ಥೆಗಳು ಅಲ್ಲಿಗೆ ಹೋಗಿ ಕಾಂಡೋಮ್ ಕೊಡುತ್ತಿದ್ದವು, ಲೈಂಗಿಕ ಸೋಂಕಿಗೆ ಔಷಧಿ ಕೊಡುತ್ತಿದ್ದವು, ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡು ಕ್ಲಿನಿಕ್ಕಿಗೆ ಬರುತ್ತಿದ್ದರು. ಊರಿನ ಮಾನ, ಪ್ರವಾಸೋದ್ಯಮದ ಹೆಸರು, ರೋಗದ ಭಯ, ಹೊರಗಿನವರು ಎಂಬ ಸಿಟ್ಟು ಎಲ್ಲ ಒಟ್ಟಾಗಿ 2004ರ ಜೂನಿನಲ್ಲಿ, ಮಳೆಗಾಲದ ಹೊಸ್ತಿಲಲ್ಲಿ, ಬುಲ್ಡೋಜರ್ ಬಂತು. ಮೊದಲು ಪುನರ್ವಸತಿ ಕೊಡಿ ಎಂದು ಕೋರ್ಟು ಹೇಳಿದ್ದ ಮಾತು ಆ ಮಳೆಯಲ್ಲೇ ಕೊಚ್ಚಿಹೋಯಿತು.

ಹೆಂಗಸರು ಎಲ್ಲಿಗೆ ಹೋದರು? ಕೆಲವರು ಊರಿಗೆ, ಮತ್ತೆ ಕೆಲವರು ಗೋವಾದ ಬೇರೆ ಬೇರೆ ಮೂಲೆಗೆ: ಲಾಡ್ಜು, ಬಾರು, ರಸ್ತೆ ಬದಿ, ಬಾಡಿಗೆ ಕೋಣೆ. ಈ ಧ್ವಂಸದ ಹಿಂದೆ ಮುಂದೆ ಅಲ್ಲೇ ಕೆಲಸ ಮಾಡುತ್ತಿದ್ದ ಸಂಶೋಧಕರ ತಂಡವೊಂದು 2009ರಲ್ಲಿ ತನ್ನ ಅಧ್ಯಯನ ಪ್ರಕಟಿಸಿತು. ಒಂದು ಕಡೆ ಕಣ್ಣಿಗೆ ಕಾಣುತ್ತಿದ್ದ ವೃತ್ತಿ ಚೆದುರಿ ಗುಟ್ಟಾಯಿತು, ಹೆಂಗಸರು ಸಿಗದಾದರು, ತಡೆ ಕಾರ್ಯಕ್ರಮಕ್ಕೆ ಹಿಡಿತ ತಪ್ಪಿತು ಎಂಬುದು ಅದರ ಸಾರ. ಪರಸ್ಪರ ಕಾಪಾಡಿಕೊಳ್ಳುತ್ತಿದ್ದ ಹತ್ತು ಹೆಂಗಸರು ಬೇರೆಯಾದಾಗ ಒಬ್ಬೊಬ್ಬಳೂ ಗಿರಾಕಿಯೆದುರು, ಪೊಲೀಸಿನವನೆದುರು ಒಂಟಿ. 'ಕಾಂಡೋಮ್ ಇಲ್ಲದಿದ್ದರೆ ಆಗೋದಿಲ್ಲ' ಎಂದು ಹೇಳುವ ಬಲ ಹೋಗುವುದು ಅಲ್ಲಿಯೇ. ರೋಗ ಓಡಿಸುತ್ತೇವೆಂದು ಹೊರಟವರು ರೋಗ ತಡೆಯುತ್ತಿದ್ದ ಏರ್ಪಾಡನ್ನು ಓಡಿಸಿದರು.

ಹಾಗಾದರೆ ವಲಸಿಗರಿಗೆ ಅಪಾಯವೇ ಇಲ್ಲವೆ? ಇದೆ, ಖಂಡಿತ ಇದೆ. ಮನೆ ಬಿಟ್ಟು ಹತ್ತು ತಿಂಗಳು ಇರುವ ಇಪ್ಪತ್ತೈದರ ಹುಡುಗನಿಗೆ ಮೈಯ ಆಸೆ ಇರುತ್ತದೆ ಎಂದು ಹೇಳಲು ಸಂಶೋಧನೆ ಬೇಕಾಗಿಲ್ಲ. ಆ ಆಸೆ ಬೆಂಗಳೂರಿನ ಐಟಿ ಕಚೇರಿಯಲ್ಲಿ ಕೂತ ಅದೇ ವಯಸ್ಸಿನ ಹುಡುಗನಿಗೂ ಇದೆ. ಅವನಿಗೆ ಬೀಗ ಹಾಕುವ ಕೋಣೆ ಇದೆ, ರಾತ್ರಿ ಹತ್ತಕ್ಕೆ ಮೊಬೈಲಿನಲ್ಲಿ ಕಾಂಡೋಮ್ ತರಿಸಿಕೊಳ್ಳುವ ಅನುಕೂಲ ಇದೆ, ಉರಿ ತುರಿಕೆ ಕಂಡರೆ ಹೆಸರು ಕೇಳದೆ ನೋಡುವ ಖಾಸಗಿ ವೈದ್ಯರಿದ್ದಾರೆ. ಅವನೂ ವಲಸಿಗನೇ, ಧಾರವಾಡದಿಂದಲೋ ಪಾಟ್ನಾದಿಂದಲೋ ಬಂದವನು. ಅವನನ್ನು ಯಾವ ಇಲಾಖೆಯೂ 'ಸೇತುವೆ' ಎಂದು ಕರೆದಿಲ್ಲ. (ಕಾಂಡೋಮ್ ಎಂಬ ಮಾತು ಬಂದಾಗಲೆಲ್ಲ ಗಂಟಲು ಸರಿಪಡಿಸಿಕೊಳ್ಳುವ ದೇಶ ನಮ್ಮದು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅದರ ಜಾಹೀರಾತನ್ನು ಟಿವಿಯಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರೊಳಗೆ ಮಾತ್ರ ತೋರಿಸಬೇಕೆಂದಿತು. ಗಾರೆ ಕಲಸಿ ಕಲಸಿ ಸೋತವನು ಆ ಹೊತ್ತಿಗೆ ಎಚ್ಚರವಿರುತ್ತಾನೆಯೆ ಎಂದು ಯಾರೂ ಕೇಳಲಿಲ್ಲ.)

ಕಟ್ಟಡ ಕೆಲಸದವನಿಗೆ ಶಿಶ್ನದ ಮೇಲೆ ಹುಣ್ಣಾಯಿತೆನ್ನಿ. ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿನಲ್ಲಿ ಇದಕ್ಕೆ ಉಚಿತ ಔಷಧಿ ಇದೆ. ಬಣ್ಣ ಬಣ್ಣದ ಪೊಟ್ಟಣಗಳು: ಸ್ರಾವಕ್ಕೆ ಬೂದು, ಹುಣ್ಣಿಗೆ ಬಿಳಿ, ಪೆನಿಸಿಲಿನ್ ಆಗದವರಿಗೆ ನೀಲಿ, ನೀರುಗುಳ್ಳೆಯ ಹುಣ್ಣಿಗೆ ಕೆಂಪು. ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಲ್ಯಾಬಿಲ್ಲದ ಕಡೆಯೂ ಲಕ್ಷಣ ನೋಡಿ ಅವತ್ತೇ ಔಷಧಿ ಕೊಟ್ಟು ಕಳಿಸಬಹುದು. ಹುಣ್ಣು ವಾಸಿಯಾದರೆ ಎಚ್‌ಐವಿ ತಗಲುವ ಸಾಧ್ಯತೆಯೂ ಇಳಿಯುತ್ತದೆ, ಏಕೆಂದರೆ ಒಡೆದ ಚರ್ಮ ವೈರಸ್ಸಿಗೆ ತೆರೆದ ಬಾಗಿಲು. ಆದರೆ ಹೊರರೋಗಿ ವಿಭಾಗ ತೆರೆದಿರುವುದು ಹಗಲು ಹೊತ್ತು. ಅವನು ಅಡ್ಡೆಯಲ್ಲಿ ನಿಲ್ಲುವುದೂ ಅದೇ ಹೊತ್ತು. ಹೋದರೆ ಒಂದು ದಿನದ ಪಗಾರ ಹೋಯಿತು, ಮೇಸ್ತ್ರಿಗೆ ಕಾರಣ ಹೇಳಬೇಕು, ಭಾಷೆ ಬಾರದಿದ್ದರೆ ಅಂಗಲಾಚಿ ಸನ್ನೆ ಮಾಡಬೇಕು. ಆದ್ದರಿಂದ ಅವನು ರಾತ್ರಿ ಮೆಡಿಕಲ್ ಶಾಪಿಗೆ ಹೋಗಿ ಪಿಸುಮಾತಿನಲ್ಲಿ ನಾಲ್ಕು ಗುಳಿಗೆ ಕೇಳುತ್ತಾನೆ. ಅರ್ಧ ವಾಸಿಯಾಗುತ್ತದೆ. ಬಿಳಿ ಪೊಟ್ಟಣ ಆಸ್ಪತ್ರೆಯ ಕಪಾಟಿನಲ್ಲೇ ಉಳಿಯುತ್ತದೆ. ವರದಿಯಲ್ಲಿ ಇದಕ್ಕೆ 'ವಲಸಿಗರಲ್ಲಿ ಆರೋಗ್ಯ ಪ್ರಜ್ಞೆಯ ಕೊರತೆ' ಎಂದು ಬರೆಯುತ್ತಾರೆ.

ಯುಗಾದಿಯ ಮರುವಾರ ಉತ್ತರ ಕರ್ನಾಟಕದ ಒಂದು ಎಆರ್‌ಟಿ ಕೇಂದ್ರದ, ಅಂದರೆ ಎಚ್‌ಐವಿಗೆ ಔಷಧಿ ಕೊಡುವ ಕೇಂದ್ರದ, ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಹಬ್ಬಕ್ಕೆ ಬಂದವರು ಮರಳಿ ಹೊರಡುವ ಹೊತ್ತು, ಸಾಲು ಉದ್ದ. ಕೊಂಕಣದ ಕಡೆ ಗೌಂಡಿ ಕೆಲಸಕ್ಕೆ ಹೋಗುವ, ಮೂವತ್ತು ದಾಟಿರದ ಒಬ್ಬ ಕೌನ್ಸೆಲರ್ ಬಳಿ ಕೇಳುತ್ತಿದ್ದ:

"ಅಕ್ಕಾರ, ಈ ಸಲ ಆರ್ ತಿಂಗಳದ್ದು ಒಮ್ಮೆಲೇ ಕೊಟ್ಟಬಿಡ್ರಿ."

"ಅಷ್ಟ್ ಕೊಡಾಕ ಬರಂಗಿಲ್ಲ ತಮ್ಮಾ. ರತ್ನಾಗಿರ್ಯಾಗ ಸೆಂಟರ್ ಐತಲ್ಲ, ಅಲ್ಲಿಗೆ ಟ್ರಾನ್ಸ್‌ಫರ್ ಬರ್ದ ಕೊಡ್ತೀನಿ."

"ಅಲ್ಲಿ ಬ್ಯಾಡ್ರಿ. ಆ ದವಾಖಾನಿ ಬಿಲ್ಡಿಂಗಿನ್ಯಾಗ ನಮ್ಮ ಗ್ಯಾಂಗಿನಾವ್ರೇ ಟೈಲ್ಸ್ ಹಾಕಾಕತ್ತಾರ."

ಸಿಕ್ಕಷ್ಟು ಡಬ್ಬಿ ಇಸಿದುಕೊಂಡು ಹೊರಗೆ ಬಂದ. ಬೆಂಚಿನ ತುದಿಯಲ್ಲಿ ಕೂತು ಒಂದೊಂದೇ ಡಬ್ಬಿಯ ಚೀಟಿ ಉಗುರಿನಿಂದ ಕೆರೆದ. ಜೇಬಿನಿಂದ ಹತ್ತಿಯ ಉಂಡೆ ತೆಗೆದು, ಮುಚ್ಚಳ ಬಿಚ್ಚಿ, ಗುಳಿಗೆಗಳ ಮೇಲೆ ಒತ್ತಿ ತುರುಕಿದ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡಿದ. ನಾನು ನೋಡುತ್ತಿದ್ದುದು ಗೊತ್ತಾಗಿ, "ಸಪ್ಪಳ ಆಗಬಾರ್ದಲ್ರಿ, ಒಂದ ಶೆಡ್ಡಿನ್ಯಾಗ ಹತ್ತ್ ಮಂದಿ ಮಲಗ್ತೀವಿ" ಎಂದ.

ದಿನಕ್ಕೆ ಒಂದು ಗುಳಿಗೆ. ಅದನ್ನು ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ, ಆಮೇಲೆ ಲೈಂಗಿಕ ಸಂಪರ್ಕದಿಂದ ಅವನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಇದು ಈಗ ವೈದ್ಯಕೀಯದಲ್ಲಿ ವಿವಾದವೇ ಇಲ್ಲದ ಮಾತು. ಉಚಿತ ಎಆರ್‌ಟಿ ದೇಶದಲ್ಲಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ಸೋಂಕು ಗೊತ್ತಾದ ಕೂಡಲೇ ಎಲ್ಲರಿಗೂ ಚಿಕಿತ್ಸೆ ಎಂಬ ನಿಯಮ ಬಂದದ್ದು 2017ರಲ್ಲಿ. ಬೇರೆ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳುವ ಏರ್ಪಾಡೂ ಇದೆ. ಎಲ್ಲ ಇದ್ದೂ ಆ ಗೌಂಡಿ ರತ್ನಾಗಿರಿಯ ಕೇಂದ್ರಕ್ಕೆ ಕಾಲಿಡಲಾರ. ಯಾರ ಭಯ? ವೈರಸ್ಸಿನದಲ್ಲ. 'ದುಡಿಯಾಕ ಹೋದಾಂವ ಜಡ್ಡು ತಂದ' ಎಂಬ ಕಟ್ಟೆಯ ಮಾತು ಅವನ ಗ್ಯಾಂಗಿನ ಜೊತೆ ಶೆಡ್ಡಿನ ತನಕವೂ ಹೋಗಿದೆ. ಡಬ್ಬಿ ಖಾಲಿಯಾದ ಮೇಲೆ ಒಂದು ವಾರ, ಎರಡು ವಾರ ಗುಳಿಗೆ ತಪ್ಪಿದರೆ ವೈರಸ್ಸು ಮತ್ತೆ ಏಳುತ್ತದೆ. ಪದೇ ಪದೇ ತಪ್ಪಿದರೆ ಔಷಧಿಗೇ ಬಗ್ಗದಂತಾಗಬಹುದು. ಆಗ ಅವನಿಂದ ಹರಡುವ ಸಾಧ್ಯತೆ ನಿಜವಾಗಿಯೂ ಹುಟ್ಟುತ್ತದೆ. 'ಸೇತುವೆ' ಎಂದು ಕರೆದು ಕರೆದು ನಾವೇ ಕಟ್ಟಿದ ಸೇತುವೆ ಅದು.

ಹೆಂಗಸರ ವಿಷಯಕ್ಕೆ ಬಂದರೆ ಈ ನಂಬಿಕೆಯ ಕುರುಡು ಇನ್ನೂ ಸ್ಪಷ್ಟ. ಕಣ್ಗಾವಲು ಸಮೀಕ್ಷೆಯ ವರ್ಗದ ಹೆಸರನ್ನೇ ನೋಡಿ: ಒಂಟಿ ಪುರುಷ ವಲಸಿಗ. ವಿಜಯಪುರದ ತಾಂಡಾಗಳಿಂದ ಗಂಡನ ಜೊತೆ ಕಬ್ಬು ಕಡಿಯಲು ಹೋಗುವ ಹೆಂಗಸು ಎಲ್ಲಿ? ಬೆಂಗಳೂರಿನ ಮೆಟ್ರೊ ಕಾಮಗಾರಿಯಲ್ಲಿ ಮಣ್ಣು ಹೊರುವ ರಾಯಚೂರಿನ ಹುಡುಗಿ? ಗಾರ್ಮೆಂಟ್ಸ್ ಹಾಸ್ಟೆಲಿನ ಒಡಿಶಾದ ಹುಡುಗಿ? ಎಚ್‌ಐವಿ ಲೆಕ್ಕಪುಸ್ತಕದಲ್ಲಿ ಹೆಂಗಸಿಗೆ ಎರಡೇ ಖಾನೆ, ಒಂದೋ ಲೈಂಗಿಕ ವೃತ್ತಿಯವಳು, ಇಲ್ಲವೋ ಮನೆಯಲ್ಲಿ ಕಾದು ಕೂತ ಹೆಂಡತಿ. ಬಾಗಿಲಿಲ್ಲದ ಗುಡಿಸಲಲ್ಲಿ ಮಲಗುವವಳು, ಕತ್ತಲಲ್ಲಿ ಬಯಲಿಗೆ ಹೋಗುವವಳು, ಮುಂಗಡ ಕೊಟ್ಟ ಮುಕದ್ದಮನಿಗೆ, ಅಂದರೆ ಕೂಲಿ ಗುತ್ತಿಗೆದಾರನಿಗೆ, ಎದುರಾಡಲಾಗದವಳು ಯಾವ ಖಾನೆಯಲ್ಲೂ ಇಲ್ಲ. ಬಿಳಿ ಸೆರಗು, ಕಿಬ್ಬೊಟ್ಟೆ ನೋವು ಎಂದು ಅವಳು ಹೇಳಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬಿನ ಕೂಲಿ ಹೆಂಗಸರು ಉತ್ತರ ಕೊಟ್ಟಿದ್ದಾರೆ. ಗರ್ಭಕೋಶವನ್ನೇ ತೆಗೆಸಿಕೊಂಡವರು ಅಲ್ಲಿ ಸಾವಿರಗಟ್ಟಲೆ ಎಂಬುದು 2019ರಲ್ಲಿ ಬಯಲಿಗೆ ಬಂತು.

ಊರಲ್ಲೇ ಉಳಿದ ಹೆಂಡತಿಗೂ ಈ ನಂಬಿಕೆ ಉಪಕಾರ ಮಾಡಿಲ್ಲ. ಬಸಿರಾದಾಗ ಎಲ್ಲ ಹೆಂಗಸರ ರಕ್ತವನ್ನೂ ಪರೀಕ್ಷಿಸುವುದರಿಂದ ಮನೆಯಲ್ಲಿ ಮೊದಲು ಸೋಂಕು ಪತ್ತೆಯಾಗುವುದು ಎಷ್ಟೋ ಸಲ ಅವಳಲ್ಲಿ. ಅಲ್ಲಿಯ ತನಕ 'ಜಡ್ಡು ತರುವವರು ಗುಳೆ ಹೋದವರು' ಎನ್ನುತ್ತಿದ್ದ ಮನೆ ಒಂದೇ ಕ್ಷಣದಲ್ಲಿ ತಿರುಗುತ್ತದೆ: ಗಂಡ ಊರಲ್ಲಿಲ್ಲ, ಇವಳಿಗೆ ಹೆಂಗ ಬಂತು? ದಕ್ಷಿಣ ಆಫ್ರಿಕದ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ಗಣಿಗೆ, ಕಾರ್ಖಾನೆಗೆ ಹೋಗುವ ಗಂಡಸರ ಕುಟುಂಬಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ ಕಡೆಗಳಲ್ಲಿ, ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಸೋಂಕಿದ್ದದ್ದು ಹೆಂಗಸಿಗೆ, ಗಂಡನಿಗಲ್ಲ. ಗೂಬೆಯನ್ನು ಗಂಡನ ಹೆಗಲಿಂದ ಇಳಿಸಿ ಹೆಂಡತಿಯ ಹೆಗಲಿಗೆ ಕೂರಿಸಲು ಇದನ್ನು ಹೇಳುತ್ತಿಲ್ಲ. ರೋಗ ಒಂದೇ ದ್ವಾರದಿಂದ, ಒಂದೇ ದಿಕ್ಕಿನಿಂದ, ಒಬ್ಬನ ಬೆನ್ನೇರಿ ಬರುತ್ತದೆ ಎಂಬ ಕಥೆಯೇ ಸುಳ್ಳು ಎನ್ನಲು ಹೇಳುತ್ತಿದ್ದೇನೆ. ಗಂಡ ಕಳಿಸುವ ಹಣ ಎರಡು ತಿಂಗಳು ನಿಂತರೆ, ರೇಶನ್ ಸಾಲದಿದ್ದರೆ, ಸಾಲ ಕೊಟ್ಟವನು ಸಂಜೆ ಹೊತ್ತು ಮನೆಗೆ ಬರತೊಡಗಿದರೆ, ಅಪಾಯ ಹುಟ್ಟುವುದು ಊರಲ್ಲೇ. ವಲಸೆಯೊಂದು ಮನೆಯ ಎರಡು ತುದಿಗಳನ್ನೂ ದುರ್ಬಲ ಮಾಡುತ್ತದೆ.

ಎದುರು ವಾದದ ಕೊನೆಯ ಅಸ್ತ್ರ: "ಎಲ್ಲ ಸರಿ, ಪರೀಕ್ಷೆ ಮಾಡಿಸಿದರೆ ನಷ್ಟವೇನು?" ಅವನು ತಾನಾಗಿ ಮಾಡಿಸಿಕೊಂಡರೆ ಲಾಭವೇ. ಕೆಲಸ ಕೊಡುವವರು ಕೇಳಿದರೆ ಅದು ಕಾನೂನುಬಾಹಿರ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಕೂಡದು, ನೌಕರಿಗೆ ಅದನ್ನು ಷರತ್ತು ಮಾಡುವಂತಿಲ್ಲ, ಬಾಡಿಗೆ ಮನೆ ನಿರಾಕರಿಸುವಂತಿಲ್ಲ. ಸೋಂಕಿತರ ವಿರುದ್ಧ ದ್ವೇಷ ಬಿತ್ತುವ ಮಾತು ಪ್ರಚಾರ ಮಾಡಿದರೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಸೆರೆ. ಕಾನೂನು ಬದಿಗಿಡಿ, ವಿಜ್ಞಾನವನ್ನೇ ಕೇಳಿ. ಸೋಂಕು ತಗಲಿದ ಮೊದಲ ವಾರಗಳಲ್ಲಿ ಸಾಮಾನ್ಯ ಪರೀಕ್ಷೆಗೆ ಅದು ಸಿಕ್ಕದಿರಬಹುದು, ಹರಡುವ ಸಾಧ್ಯತೆ ಹೆಚ್ಚಿರುವುದೂ ಆ ವಾರಗಳಲ್ಲೇ. ಗೇಟಿನಲ್ಲಿ ಕೊಟ್ಟ ಚೀಟಿ ಅವನ ಹಿಂದಿನ ತಿಂಗಳುಗಳ ಬಗ್ಗೆ ಹೇಳುತ್ತದೆ, ಮುಂದಿನ ರಾತ್ರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಡ್ಡಾಯ ಪರೀಕ್ಷೆಯ ಫಲ ಹೇಗಿರುತ್ತದೆಂದು ನಮ್ಮ ಕರಾವಳಿಯವರನ್ನು ಕೇಳಬಹುದು. ಕೊಲ್ಲಿ ದೇಶಕ್ಕೆ ಹೊರಟವರಿಗೆ ರಕ್ತ ಪರೀಕ್ಷೆ ತಪ್ಪಿದ್ದಲ್ಲ. ಪಾಸಿಟಿವ್ ಬಂದರೆ ಕೈಗೆ ಬರುವುದು 'ಅನ್‌ಫಿಟ್'. ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಗಡೀಪಾರು. ವೀಸಾಕ್ಕೆ ಸಾಲ ಮಾಡಿದವನು ಆ ಒಂದು ಪದ ಹಿಡಿದು ಮನೆಗೆ ಬಂದು ಬೇರೇನೋ ಕಾರಣ ಹೇಳುತ್ತಾನೆ, ಮತ್ತೆಂದೂ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ.

ಬೇರೆ ದಾರಿ ಇದೆಯೆ ಎಂದು ಕೇಳುವವರು ದೂರ ಹೋಗಬೇಕಾಗಿಲ್ಲ. ಒಂದು ಕಾಲದಲ್ಲಿ ಲೈಂಗಿಕ ವೃತ್ತಿಯ ಹೆಂಗಸರ ಬಗ್ಗೆಯೂ ಎಲ್ಲರೂ ಇದೇ ಮಾತಾಡುತ್ತಿದ್ದರು: ರೋಗದ ಗೂಡು, ಹಿಡಿದು ಒಳಗೆ ಹಾಕಿ. ಸಾಂಗ್ಲಿಯಲ್ಲಿ 1996ರಲ್ಲಿ ಅದೇ ಹೆಂಗಸರು ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಕಟ್ಟಿದರು. ಮೈಸೂರಿನಲ್ಲಿ ಆಶೋದಯ ಸಮಿತಿ ಬಂತು. ಬಾಗಲಕೋಟೆ ಜಿಲ್ಲೆಯಲ್ಲಿ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ ಬಂತು. 2003ರಲ್ಲಿ ಕರ್ನಾಟಕ ಸೇರಿ ಆರು ರಾಜ್ಯಗಳಲ್ಲಿ ಗೇಟ್ಸ್ ಪ್ರತಿಷ್ಠಾನದ ಆವಾಹನ್ ಕಾರ್ಯಕ್ರಮ ಶುರುವಾಯಿತು. ಮೊದಲ ಐದು ವರ್ಷದಲ್ಲಿ ಸುಮಾರು ಒಂದು ಲಕ್ಷ ಸೋಂಕುಗಳು ಅದರಿಂದ ತಪ್ಪಿದವು ಎಂಬುದು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು. ಈ ಸಂಘಗಳ ಹೆಂಗಸರು ಪೊಲೀಸರ ಜೊತೆ ಮಾತಾಡಿದರು, ರೌಡಿಗಳ ಹೊಡೆತಕ್ಕೆ ಇಪ್ಪತ್ನಾಲ್ಕು ಗಂಟೆಯೊಳಗೆ ಸ್ಪಂದಿಸುವ ತಂಡ ಕಟ್ಟಿದರು, ರೇಶನ್ ಕಾರ್ಡ್ ಮಾಡಿಸಿಕೊಟ್ಟರು, ತಮ್ಮವರನ್ನೇ ಕೆಲಸಕ್ಕಿಟ್ಟುಕೊಂಡರು. ರೋಗ ಹರಡುವವರು ಎನಿಸಿಕೊಂಡಿದ್ದವರೇ ಅದನ್ನು ತಡೆಯುವವರಾದರು. ಕರ್ನಾಟಕದಲ್ಲಿ ಸೋಂಕು ಇಳಿದದ್ದಕ್ಕೆ ಯಾರಿಗಾದರೂ ಕೃತಜ್ಞತೆ ಹೇಳಬೇಕೆಂದಿದ್ದರೆ ಮೊದಲು ಅವರಿಗೆ ಹೇಳಬೇಕು.

ವಲಸೆ ಕಾರ್ಮಿಕರ ವಿಷಯದಲ್ಲಿ ಆ ತಿರುವು ಇನ್ನೂ ಬಂದಿಲ್ಲ. ಅವರಿಗೆ ನಾವು ಕೊಡುವುದು ವರ್ಷಕ್ಕೊಮ್ಮೆ, ಏಡ್ಸ್ ದಿನವಾದ ಡಿಸೆಂಬರ್ 1ರಂದು, ಶೆಡ್ಡಿನ ಮುಂದೊಂದು ಬೀದಿ ನಾಟಕ. ಅದರಲ್ಲಿ ಕುಡುಕ ಗಂಡಸೊಬ್ಬ ಪಟ್ಟಣಕ್ಕೆ ಹೋಗಿ ಕೆಟ್ಟು ಬರುತ್ತಾನೆ. ನೋಡುತ್ತ ಕೂತವನು ತನ್ನನ್ನೇ ಆಡಿಕೊಳ್ಳುತ್ತಿದ್ದಾರೆಂದು ತಿಳಿದು ನಗುತ್ತಾನೆ, ಎದ್ದು ಹೋಗುತ್ತಾನೆ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಲ್ಲೇ ಬಂತು, ಉಚಿತ ವೈದ್ಯಕೀಯ ಸೌಲಭ್ಯವನ್ನು ಗುತ್ತಿಗೆದಾರನೇ ಕೊಡಬೇಕೆಂದು ಅದರಲ್ಲಿತ್ತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಡಿ ಸೆಸ್ ಹಣ ಕಾರ್ಮಿಕ ಕಲ್ಯಾಣ ಮಂಡಳಿಗಳಲ್ಲಿ ಕೋಟಿಗಟ್ಟಲೆ ಕೂಡಿದೆ. ಆ ಹಣದಲ್ಲಿ ದೊಡ್ಡ ಕಾಮಗಾರಿಗಳ ಪಕ್ಕ ಸಂಜೆ ಏಳರಿಂದ ಹತ್ತರ ತನಕ ತೆರೆದಿರುವ, ಹಿಂದಿ, ಒಡಿಯಾ ಬಲ್ಲ ಒಬ್ಬರಿರುವ ಕ್ಲಿನಿಕ್ ನಡೆಸಲು ಯಾವ ತಿದ್ದುಪಡಿಯೂ ಬೇಕಾಗಿಲ್ಲ. ಆ ಬಣ್ಣದ ಪೊಟ್ಟಣಗಳು ಅಲ್ಲಿರಲಿ, ರಕ್ತದೊತ್ತಡದ ಗುಳಿಗೆಯೂ ಇರಲಿ, ಬೆನ್ನುನೋವಿನ ಮುಲಾಮೂ ಇರಲಿ. ಯಾವುದಕ್ಕೆ ಬಂದ ಎಂದು ಪಕ್ಕದವನಿಗೆ ತಿಳಿಯದಿರಲಿ. ವೈರಸ್ಸು ಹತೋಟಿಯಲ್ಲಿರುವ ವಲಸಿಗನಿಗೆ ಆರು ತಿಂಗಳ ಗುಳಿಗೆ ಒಮ್ಮೆಗೇ ಕೊಡುವುದನ್ನು ನಿಯಮವನ್ನಾಗಿ ಮಾಡಬಹುದು. ಡಬ್ಬಿಯ ಬದಲು ಸದ್ದಾಗದ ಪಟ್ಟಿಯಲ್ಲಿ ಕೊಡಬಹುದು.

ಹಬ್ಬ ಮುಗಿದ ಮೇಲೆ ಯಾವ ವಾರ ಜನ ಗೋವಾ, ಪುಣೆ, ಮುಂಬೈ ಬಸ್ಸಿಗೆ ಮುಗಿಬೀಳುತ್ತಾರೆಂದು ಸಾರಿಗೆ ಸಂಸ್ಥೆಯ ಡಿಪೊ ಮ್ಯಾನೇಜರಿಗೆ ತಾರೀಖು ಸಮೇತ ಗೊತ್ತಿರುತ್ತದೆ. ಹೆಚ್ಚುವರಿ ಬಸ್ಸು ಬಿಡುತ್ತಾರೆ. ಜಿಲ್ಲಾ ಆರೋಗ್ಯಾಧಿಕಾರಿಗಳು ಆ ತಾರೀಖುಗಳನ್ನು ಡಿಪೊದಿಂದ ಕೇಳಿ ಪಡೆದು, ಆ ವಾರ ಎಆರ್‌ಟಿ ಕೇಂದ್ರವನ್ನು ರಾತ್ರಿ ಎಂಟರವರೆಗೆ ತೆರೆದಿಟ್ಟರೆ ಸಾಕು, ಕೆಲಸ ಶುರುವಾಗುತ್ತದೆ.